ಅತ್ತೆಯ ಹೆಪ್ಪು

"ಗುರುಗಳೇ, ನನ್ನಿಂದ ಏನು ತಪ್ಪಾಯಿತು? ಯಾಕೆ ನನ್ನನ್ನು ದೂರ ಕಳಿಸುತ್ತೀರಿ?"

ಕೇಳಿದವನು ತ್ರ್ಯಂಬಕ. ಋತಾನಂದ ಸ್ವಾಮಿಗಳಿಗೆ ವಯಸ್ಸಾಗಿತ್ತು. ಮಂಡಿ ಸೋತಿತ್ತು, ಕಣ್ಣು ಮಂಜಾಗಿತ್ತು. ಅವರಿಗೆ ಗಂಜಿ ಕಾಯಿಸುವುದು, ಕಾಲಿಗೆ ಎಣ್ಣೆ ತಿಕ್ಕುವುದು, ಪ್ರವಚನದ ಹೊತ್ತಿಗೆ ಮೈಕು ಹತ್ತಿರ ಸರಿಸುವುದು ಎಲ್ಲವೂ ಅವನದೇ. ಬೇರೆಯವರು ಗುರುಗಳ ಲೋಟ ಮುಟ್ಟಿದರೂ ಅವನು ಹುಬ್ಬು ಗಂಟಿಕ್ಕುತ್ತಿದ್ದ. ಅಂಥವನಿಗೆ ಗುರುಗಳು, ಬೆಟ್ಟದಾಚೆಯ ಹೊಸ ಆಶ್ರಮಕ್ಕೆ ಹೋಗಿ ಅಲ್ಲಿಯ ಮಕ್ಕಳಿಗೆ ಪಾಠ ಹೇಳು ಎಂದಿದ್ದರು. ಮರುದಿನ ಬೆಳಗಿನ ಬಸ್ಸಿಗೆ ಹೊರಡಬೇಕು. ಹೋದರೆ ಮತ್ತೆ ಈ ಮುಖ ನೋಡುವ ಭಾಗ್ಯ ಉಂಟೋ ಇಲ್ಲವೋ ಎಂಬ ಭಯಕ್ಕೆ ಅವನಿಗೆ ಊಟ ಸೇರಿರಲಿಲ್ಲ.

"ನೀವು ಹೇಳಿದ್ದೆಲ್ಲ ನನ್ನೊಳಗೆ ಜೋಪಾನವಾಗಿದೆ. ಇಲ್ಲೇ ಇದ್ದು ಕಾಯುತ್ತೇನೆ" ಎಂದ.

ಗುರುಗಳು ನಕ್ಕರು. "ಕಾಯೋದಕ್ಕೆ ನಾನೇನು ನಿಧಿಯೇ, ನೀನೇನು ಸರ್ಪವೇ? ಹರಳೆಣ್ಣೆ ಕುಡಿದವನ ಹಾಗೆ ಮುಖ ಮಾಡಬೇಡ. ಕೂತುಕೋ, ಒಂದು ಕತೆ ಕೇಳು."

ಒಂದೂರಿನಲ್ಲಿ ಒಬ್ಬ ಮುದುಕಿ. ಮೊಸರೆಂದರೆ ಆಕೆಯ ಮನೆಯದೇ ಮೊಸರು. ಹೆಪ್ಪು ಕೇಳಿ ಬಂದವರಿಗೆ ಆಕೆ ಇಲ್ಲ ಎಂದವಳಲ್ಲ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಟ್ಟರೆ ಮನೆಯ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ಊರು ನಂಬಿತ್ತು. ಮುದುಕಿ ಆಗಲೂ ಕೊಡುತ್ತಿದ್ದಳು. "ಹೋದರೆ ಪಕ್ಕದ ಮನೆಗೆ ತಾನೇ? ಅಲ್ಲೂ ಮಕ್ಕಳಿವೆ" ಎನ್ನುತ್ತಿದ್ದಳು.

ಮುದುಕಿ ಹಾಸಿಗೆ ಹಿಡಿದಳು. ಸೊಸೆಗೆ ಅತ್ತೆಯೆಂದರೆ ಪ್ರಾಣ. ಅತ್ತೆಯ ರುಚಿ ಮನೆ ಬಿಟ್ಟು ಹೋಗಬಾರದೆಂದು ಗಡಿಗೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಯಾರಾದರೂ ಬಟ್ಟಲು ಹಿಡಿದು ಬರುವುದು ಕಂಡರೆ ಸಾಕು, ಒಳಗೆ ಓಡಿ ದೇವರ ದೀಪ ಹಚ್ಚಿ ಬಂದು, "ಅಯ್ಯೋ, ದೀಪ ಹಚ್ಚಿಬಿಟ್ಟೆನಲ್ಲಾ!" ಎನ್ನುತ್ತಿದ್ದಳು. ನಡುಹಗಲಲ್ಲೂ ಅದೇ ಮಾತು. ಬರುವವರು ನಿಂತರು.

ಒಂದು ದಿನ ಮುದುಕಿ ತೀರಿಕೊಂಡಳು. ಸಾವಿನ ಮನೆಯ ಗಡಿಗೆ ಉಳಿಯಬಾರದು ಎಂಬುದು ಅಲ್ಲಿಯ ಪದ್ಧತಿ. ಹಿರಿಯರು ಮೊಸರು ಚೆಲ್ಲಿಸಿ ಗಡಿಗೆಯನ್ನು ಹೊರಗೆ ಹಾಕಿಸಿದರು. ಅತ್ತೆ ಎರಡನೆಯ ಸಲ ಸತ್ತಂತಾಗಿ ಸೊಸೆ ಗೋಳಾಡಿದಳು. ಸೂತಕ ಕಳೆದ ದಿನ ಹಾಲು ಕಾಯಿಸಿದಳು, ಹೆಪ್ಪಿಲ್ಲ. ಯಾವ ಮುಖ ಹೊತ್ತು ಯಾರ ಬಾಗಿಲಿಗೆ ಹೋಗುವುದು?

ಸಂಜೆ ದೀಪ ಹಚ್ಚಿ ಕುಳಿತಿದ್ದಾಗ ನೆರೆಮನೆಯವಳು ಬಂದಳು. ಹಿಂದೆ ಮುದುಕಿಯ ಕೈಯಿಂದ ಹೆಪ್ಪು ಒಯ್ದವರಲ್ಲಿ ಅವಳೂ ಒಬ್ಬಳು. ಕೈಯಲ್ಲಿ ಬಟ್ಟಲಿತ್ತು.

"ತಗೋಮ್ಮ. ನಿಮ್ಮತ್ತೆ ಕೊಟ್ಟ ಹೆಪ್ಪು. ಆವತ್ತಿನಿಂದ ನಮ್ಮನೇಲಿ ತಪ್ಪಿಲ್ಲ."

ಸೊಸೆ ತಲೆ ತಗ್ಗಿಸಿದಳು. "ದೀಪ ಹಚ್ಚಿಯಾಯ್ತಲ್ಲಕ್ಕಾ."

"ಅವರು ನನಗೆ ಕೊಟ್ಟಿದ್ದೂ ದೀಪ ಹಚ್ಚಿದ ಮೇಲೇನೇ."

ಮರುದಿನ ಬೆಳಗ್ಗೆ ಸೊಸೆ ಒಂದು ಚಮಚ ಮೊಸರು ಬಾಯಿಗಿಟ್ಟುಕೊಂಡಳು. ಅದೇ ರುಚಿ. "ಅತ್ತೇ" ಎಂದು ಅತ್ತಳು.

ಗುರುಗಳು ಕತೆ ನಿಲ್ಲಿಸಿದರು. ತ್ರ್ಯಂಬಕ ಅವರ ಪಾದ ಹಿಡಿದುಕೊಂಡ. "ಆದರೂ ಗುರುಗಳೇ, ಗಡಿಗೆ ಇರುವಷ್ಟು ದಿನವಾದರೂ..." ಎಂದ.

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ಗಡಿಗೆ ಹೊರಗೆ ಹೋಗುವ ದಿನ ದೂರವಿಲ್ಲ ಮಗು, ಆಮೇಲೆ ನನ್ನ ನೆನಪಾದರೆ, ನೀನು ಯಾರ ಬಾಗಿಲಿಗೆ ಹೋಗಿ ಬಟ್ಟಲು ಹಿಡಿಯುತ್ತೀಯೆ?"