ತುಂಬಿದ ದೋಣಿಯ ಬುರುಜು

ಉತ್ತರ ಆಫ್ರಿಕದ ಕಡಲಂಚಿನ ಮರ್ಸಾ ಸಫರಾ ಬಂದರಿನ ಬಾಯಲ್ಲಿ ಇಂದಿಗೂ ಒಂದು ಮೋಟು ಬುರುಜು ನಿಂತಿದೆ. ಅಡಿಪಾಯ ಫಿನೀಷಿಯನ್ನರದು, ನಡುವಿನ ಕಲ್ಲು ರೋಮನ್ನರದು, ಮೇಲಿನ ಇಟ್ಟಿಗೆ ಅರಬರದು. ತುರ್ಕರು ಅದರ ಮೇಲೆ ಫಿರಂಗಿ ಏರಿಸಿದರು, ಫ್ರೆಂಚರು ಅದನ್ನಿಳಿಸಿ ದೀಪವಿಟ್ಟರು. ಬಂದವರೆಲ್ಲ ತಮ್ಮದೊಂದು ಹೆಸರು ಕೊಟ್ಟುಹೋದರೂ ಉಳಿದದ್ದು ಊರವರು ಇಟ್ಟದ್ದೇ: ತುಂಬಿದ ದೋಣಿಯ ಬುರುಜು. ಕೇಳಿದವರು ಸಮೃದ್ಧಿಯ ಹೆಸರೆಂದುಕೊಳ್ಳುತ್ತಾರೆ. ಅಯ್ಯೋ, ಅಲ್ಲ.

ಹಿಂದೆ ಒಮ್ಮೆ, ಕಡಲುಗಳ್ಳರ ಕಾಟ ಮಿತಿಮೀರಿದ್ದ ಕಾಲದಲ್ಲಿ, ಸಂಜೆಯಾದೊಡನೆ ಬಂದರಿನ ಬಾಯಿಗೆ ಕಬ್ಬಿಣದ ಸರಪಳಿ ಬಿಗಿಯುವ ಕೆಲಸ ಬುರುಜಿನ ಕಾವಲುಗಾರ ಜಲ್ಲೂಲನದಾಗಿತ್ತು. ತಡವಾಗಿ ಬಂದ ದೋಣಿಗಳನ್ನು ಅವನು "ಏನು ತಂದಿರಿ?" ಎಂದು ಕೂಗಿ ಕೇಳುವನು. ಊರಿನವರ ಉತ್ತರ ಯಾವಾಗಲೂ ಒಂದೇ: "ಬರೀ ಉಪ್ಪುನೀರು." ದೋಣಿ ಮುಳುಗುವಷ್ಟು ಮೀನಿದ್ದರೂ ಅಷ್ಟೇ. ಇದೆಯೆಂದರೆ ಕಣ್ಣು ಬೀಳುತ್ತದೆಂಬ ಭಯ ಅವರಿಗೆ. ಆ ಮಾತು ಕೇಳಿದ ಮೇಲೆಯೇ ಸರಪಳಿ ಸಡಿಲಿಸುತ್ತಿದ್ದ. ಅವನ ಒಬ್ಬನೇ ಮಗ ಬಶೀರನನ್ನು ಕಳ್ಳರು ಹಿಡಿದೊಯ್ದು ವರ್ಷಗಳಾಗಿದ್ದವು. ಮಗ ಬಂದಾನೆಂದು ಜಲ್ಲೂಲ ಪ್ರತಿ ಹಾಯಿಯನ್ನೂ ದಿಟ್ಟಿಸುತ್ತಿದ್ದ.

ಮಂಜು ಕವಿದ ಒಂದು ಸಂಜೆ ಆಚೆಯಿಂದ "ಬಾಬಾ, ನಾನು ಬಶೀರ" ಎಂಬ ಕೂಗು ಕೇಳಿತು. ಅದೇ ದನಿ. ಮುದುಕನ ಜೀವ ಕುಣಿದಾಡಿತು. ಕೈ ತಾನೇ ಸರಪಳಿ ಸಡಿಲಿಸುವ ರಾಟೆ ತಿರುಗಿಸತೊಡಗಿತು. ರೂಢಿಬಲದಿಂದ ಕೇಳಿದ, "ಏನು ತಂದಿ, ಮಗನೇ?"

"ದೋಣಿ ತುಂಬಿದೆ ಬಾಬಾ. ಅಂಚಿನವರೆಗೂ ತುಂಬಿದೆ."

ಜಲ್ಲೂಲ ರಾಟೆ ನಿಲ್ಲಿಸಿದ. ಊರಲ್ಲಿ ಹುಟ್ಟಿದ ಯಾವನೂ ಆಡದ ಮಾತದು. ಹುಡುಗನ ಬೆನ್ನಿಗೆ ಕತ್ತಿ ಹಿಡಿದು ನಿಂತ ಕಳ್ಳರಿಗೆ ಅದರಲ್ಲೇನೂ ಕಾಣಲಿಲ್ಲ, ತಂದೆಗೆ ಎಲ್ಲವೂ ಕಂಡಿತು. ಸಡಿಲಿಸಿದಷ್ಟನ್ನೂ ಹಿಂದಕ್ಕೆ ತಿರುಗಿಸಿ ಸರಪಳಿ ಬಿಗಿದ, ಅಪಾಯದ ಗಂಟೆ ಬಾರಿಸಿದ. ಊರು ಉಳಿಯಿತು. ಮಂಜಿನಲ್ಲಿ ಒಂದು ಚೀರಾಟ ಎದ್ದು ಅಡಗಿತು.

ಮನೆಯಲ್ಲಿ ಹೆಂಡತಿ ಮಬ್ರೂಕಾ ದಿನದಂತೆ ಕೇಳಿದಳು, "ಏನಾದರೂ ಬಂತೇ?"

"ಬರೀ ಉಪ್ಪುನೀರು" ಎಂದು ಅವನು ಗೋಡೆಯ ಕಡೆ ಹೊರಳಿ ಮಲಗಿದ.

ಬೆಳಗ್ಗೆ ಬಶೀರನ ಹೆಣ ಸರಪಳಿಗೆ ಸಿಕ್ಕಿಕೊಂಡಿತ್ತು. ಅದನ್ನು ಸಡಿಲಿಸಲು ತಂದೆಗೆ ಕೈ ಬರಲಿಲ್ಲ, ಬೇರೆಯವರು ಸಡಿಲಿಸಿದರು. ಮಬ್ರೂಕಾ ಮತ್ತೆಂದೂ ಗಂಡನನ್ನು ಏನನ್ನೂ ಕೇಳಲಿಲ್ಲ ಎನ್ನುತ್ತಾರೆ.

ಸರಪಳಿ ತುಕ್ಕು ಹಿಡಿದು ಎಂದೋ ಹೋಯಿತು. ಬುರುಜಿನ ಕಲ್ಲಿನಲ್ಲಿ ಅದು ಉಜ್ಜಿ ಸವೆಸಿದ ಗೀರು ಮಾತ್ರ ಈಗಲೂ ಇದೆ, ನೋಡಬಂದವರು ಬೆರಳಾಡಿಸಿ ನೋಡುತ್ತಾರೆ. ಸಂಜೆ ದೋಣಿಗಳು ಮೀನಿನ ಭಾರಕ್ಕೆ ಬಾಗಿ ಒಳಬರುತ್ತವೆ. ಏನು ಸಿಕ್ಕಿತೆಂದು ಕೇಳಿದರೆ ಬೆಸ್ತರು ಬುರುಜಿನ ಕಡೆ ನೋಡದೆ, ಬರೀ ಉಪ್ಪುನೀರು ಎನ್ನುತ್ತಾರೆ.