ಕಾರಿನ ಪಟ್ಟಿಯೂ ತುಕ್ಕೂ

ಹಳೆಯ ಸ್ಪೋರ್ಟ್ಸ್ ಕಾರಿನ ಬಾಗಿಲಿಗೆ ಅಂದದ ಲೋಹದ ಪಟ್ಟಿಯೊಂದಿತ್ತು. ಅದು ಮಂಕಾಗಿದ್ದರಿಂದ ಮೆಕ್ಯಾನಿಕ್ ಖಾದರ್ ಸಾಬರು ಬಿಚ್ಚಿ ಹೊಳಪು ಕೊಡಲು ಬಂದರು. ಪಟ್ಟಿಯ ಹಿಂದೆ ಅವಿತಿದ್ದ ತುಕ್ಕು ಪಿಸುಗುಟ್ಟಿತು: “ಅಕ್ಕಾ, ಬಿಗಿಯಾಗಿ ಹಿಡಿದುಕೋ. ಕಳಚಿದರೆ ನಿನ್ನನ್ನು ಗುಜರಿಗೆ ಹಾಕುತ್ತಾರೆ.” ಹೆದರಿದ ಪಟ್ಟಿ ಸ್ಕ್ರೂಗಳನ್ನು ಕಚ್ಚಿ ಹಿಡಿಯಿತು.

ಸಾಬರು ಎಣ್ಣೆ ಬಿಟ್ಟು ಕಾದರು. “ಜೋರು ಮಾಡಿದರೆ ಬಾಗಿಬಿಡ್ತೀಯ. ನಿಧಾನವಾಗಿ ಬಾರಮ್ಮ,” ಎಂದರು. ಪಟ್ಟಿ ಹಿಡಿತ ಸಡಿಲಿಸಿತು. ಹೊರಬಂದು ನೋಡಿದರೆ, ತಾನು ಮುಚ್ಚಿದ್ದ ಜಾಗದಲ್ಲೆಲ್ಲ ತುಕ್ಕು ಬಾಗಿಲನ್ನು ತಿಂದು ತೂತು ಮಾಡಿತ್ತು.

ಸಾಬರು ತುಕ್ಕನ್ನು ಕೆರೆದು, ತೂತು ಮುಚ್ಚಿ, ಹೊಳೆಯುವ ಪಟ್ಟಿಯನ್ನು ಮತ್ತೆ ಕೂರಿಸಿದರು.

“ನನಗೊಂದು ಮಾತು ಹೇಳಬಾರದಿತ್ತೇ?” ಎಂದು ಪಟ್ಟಿ ಬಾಗಿಲನ್ನು ಕೇಳಿತು.

“ದಿನವೂ ಹೇಳುತ್ತಿದ್ದೆ,” ಎಂದಿತು ಬಾಗಿಲು. “ನಿನ್ನ ಕಿವಿಗೆ ನನಗಿಂತ ತುಕ್ಕೇ ಹತ್ತಿರವಿತ್ತು.”