ಗೆರೆ ಎದ್ದಿಲ್ರಿ ಮೇಡಂ

ನಿದ್ದೆ ಹತ್ತಿದವರೂ ಹೂಂಗುಟ್ಟಿರಿ, ಈ ಕತೆ ಅರೆನಿದ್ದೆಯಲ್ಲೇ ನಡೆಯುವಂಥದ್ದು.

ಗುರಸಿದ್ದವ್ವನಿಗೆ ಒಬ್ಬನೇ ಮಗ, ಅಡಿವೆಪ್ಪ. ಮೈ ಆನೆಯಂತೆ ಬೆಳೆದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಲಕ್ವ ಹೊಡೆದು ಅವಳ ಬಲಗೈ ಮಲಗಿಬಿಟ್ಟಿತ್ತು. ರೊಟ್ಟಿ ಬಡಿಯುವ ಕೈ. ಅದು ಏಳದಿದ್ದರೆ ಈ ಪೆದ್ದನಿಗೆ ಉಣ್ಣಲು ಹಾಕುವವರಾರು ಎಂಬುದೇ ಅವಳ ಕೊರಗು.

ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಶಕೀಲಾ ಮೇಡಂ ಅವಳ ತೋಳಿಗೆ ವಾಯರಿನ ಬಿಲ್ಲೆ ಅಂಟಿಸಲು ನೋಡಿದರು. ಸ್ನಾಯು ಮಿಸುಕಿದರೆ ಅದರೊಳಗೆ ಸಣ್ಣ ಕರೆಂಟು ಹುಟ್ಟುತ್ತದಂತೆ, ಆಗ ಪರದೆಯ ಹಸಿರು ಗೆರೆ ಏಳುತ್ತದಂತೆ. ಆದರೆ ಬಿಲ್ಲೆ ಜಾರಿತು. ತೋಳಿನ ತುಂಬ ಲಕ್ವಕ್ಕೆಂದು ತಿಕ್ಕಿದ ಎಣ್ಣೆ. ನಾಳೆ ಎಣ್ಣೆಯ ಹನಿಯೂ ಇರಬಾರದು ಎಂದು ಮಗನಿಗೆ ಹೇಳಿ ಕಳಿಸಿದರು.

ಅಡಿವೆಪ್ಪ ಮನೆಗೆ ಹೋದವನೇ ಗಡಿಗೆಯ ಎಣ್ಣೆ ಚರಂಡಿಗೆ ಚೆಲ್ಲಿದ. ದೇವರ ದೀಪದ್ದನ್ನೂ ಬಿಡಲಿಲ್ಲ. ತಾಯಿ ಎಡಗೈಯಲ್ಲಿ ಹಣೆ ಬಡಿದುಕೊಂಡು, ಮನೆಯದಲ್ಲೋ, ಚರ್ಮಕ್ಕೆ ಅಂಟಿದ್ದನ್ನು ತೆಗೀಬೇಕೋ ಎಂದಳು.

ಆಗಲಿ ಅಂದ. ಮರುದಿನ ಮೇಡಂ ಅವ್ವನ ತೋಳು ಒರೆಸಿ, ಬಿಲ್ಲೆ ಅಂಟಿಸಿ ಆಚೆ ತಿರುಗಿದರೋ ಇಲ್ಲವೋ, ಚರ್ಮಕ್ಕೆ ಅಂಟಿದ್ದನ್ನೆಲ್ಲ ಕಿತ್ತು ಅವರ ಕೈಗಿಟ್ಟ. ಈಗ ಬೈಯುವ ಸರದಿ ಮೇಡಂದು. ಏನೂ ಮುಟ್ಟಬೇಡ, ಗೆರೆ ನೋಡುತ್ತಿರು, ಗೆರೆ ಎದ್ದರೆ ಮಾತ್ರ ಶಭಾಷ್ ಅನ್ನು ಎಂದರು.

ನೋಡಿದ. ಗೆರೆ ಗಾಳಿಯಿಲ್ಲದ ಕೆರೆಯಂತೆ ಮಲಗಿತ್ತು. ಕಣ್ಣು ಮುಚ್ಚಿ, ರೊಟ್ಟಿ ಬಡಿಯುತ್ತಿದ್ದೇನೆ ಅಂದುಕೊಳ್ಳಿ ಎಂದರು ಮೇಡಂ. ಗುರಸಿದ್ದವ್ವ ಕಣ್ಣು ಮುಚ್ಚಿದಳು. ಒಲೆ ಬಂತು, ಹಂಚು ಬಂತು, ಜೋಳದ ಹಿಟ್ಟಿನ ವಾಸನೆ ಬಂತು. ತಪತಪ, ತಪತಪ. ಗೆರೆ ಒಂದಿಷ್ಟೇ ನಡುಗಿತು. "ಶಭಾಷ್" ಅಂದ ಅಡಿವೆಪ್ಪ. ತಪತಪ ಅನ್ನುತ್ತಲೇ ಅವಳಿಗೆ ಜೊಂಪು ಹತ್ತಿತು.

ಪಾಪ ದಣಿದಿದ್ದಾರೆ, ಏಳುವವರೆಗೆ ಅವರ ಕೆಲಸ ನೀನು ನೋಡಿಕೋ ಎಂದು ಮೇಡಂ ನೀರು ತರಲು ಹೋದರು. ಹೊಸ ಮಾತು ಬಂದರೆ ಹಳೆಯದನ್ನು ಮರೆಯುವ ಮಗ ಅವ್ವನ ಬಿಲ್ಲೆ ಬಿಡಿಸಿ ತನ್ನ ತೋಳಿಗೆ ಅಂಟಿಸಿಕೊಂಡು ಕೈ ಎತ್ತಿದ. ಗೆರೆ ಗುಡ್ಡದ ಮೇಲೆ ಗುಡ್ಡವಾಗಿ ಎದ್ದಿತು. "ಶಭಾಷ್, ಶಭಾಷ್."

ಗುರಸಿದ್ದವ್ವ ಅರೆಗಣ್ಣು ತೆರೆದಳು. ಗುಡ್ಡಗಳು ಕಂಡವು. ನನ್ನ ಕೈ ಬಂತು ಎಂದು ಕಣ್ಣೀರು ಇಳಿಯಿತು. ಆಮೇಲೆ ವಾಯರಿನ ಗುಂಟ ಕಣ್ಣು ಸರಿಯುತ್ತ ಹೋಗಿ ಮಗನ ತೋಳಿಗೆ ಬಂದು ನಿಂತಿತು.

"ಹೆತ್ತ ಹೊಟ್ಟಿ ಉರಸ್ತೀಯೇನೋ" ಎಂದು ಹೊಡೆಯಲು ಕೈ ಎತ್ತಿದಳು. ಎತ್ತಿದ್ದು ಬಲಗೈ.

ಅಡಿವೆಪ್ಪ ಹೆದರಿ ಬಿಲ್ಲೆ ಅಂಟಿದ ತನ್ನ ಕೈ ಇಳಿಬಿಟ್ಟ. ಬಾಗಿಲಲ್ಲಿ ಮೇಡಂ ನೀರಿನ ಲೋಟ ಹಿಡಿದು ನಿಂತೇಬಿಟ್ಟರು. "ಈಗಾದ್ರ ಶಭಾಷ್ ಅನ್ನೋ ಮಾರಾಯ" ಅಂದರು.

ಅಡಿವೆಪ್ಪ ಪರದೆಯನ್ನು ಇನ್ನೊಮ್ಮೆ ದಿಟ್ಟಿಸಿದ.

"ಗೆರೆ ಎದ್ದಿಲ್ರಿ ಮೇಡಂ" ಅಂದ.